ಹೊಸ ಮೈಕ್ ಬೇಡ, ಇರೋ ಮೈಕ್‌ನ ಹತ್ತಿರಕ್ಕೆ ಬನ್ನಿ

ಪ್ರಶ್ನೆ: ಮಕ್ಕಳ ಕಥೆಗಳನ್ನು ಕನ್ನಡದಲ್ಲಿ ಓದಿ ಯೂಟ್ಯೂಬ್‌ಗೆ ಹಾಕುತ್ತೇನೆ. ಹುಬ್ಬಳ್ಳಿಯಲ್ಲಿ ನಮ್ಮದು ಅಪಾರ್ಟ್‌ಮೆಂಟ್. 10 ಅಡಿ, 12 ಅಡಿಯ ರೂಮು, ಟೈಲ್ಸ್ ನೆಲ. 6 ಸಾವಿರ ಕೊಟ್ಟು ಮೇಜಿನ ಮೇಲಿಡುವ ಯುಎಸ್‌ಬಿ ಕಂಡೆನ್ಸರ್ (ಸಣ್ಣ ಸದ್ದನ್ನೂ ಹಿಡಿಯುವ) ಮೈಕ್ ತಗೊಂಡಿದ್ದೇನೆ. ಅದನ್ನು ಲ್ಯಾಪ್‌ಟಾಪ್ ಹಿಂದೆ ಇಟ್ಟುಕೊಂಡು, ಸ್ಕ್ರೀನ್ ನೋಡಿ ಓದುತ್ತೇನೆ. ದನಿ ಬಾತ್‌ರೂಮಿನಿಂದ ಬಂದ ಹಾಗಿರುತ್ತದೆ. ಹಿಂದೆ ಗುಂಯ್ ಅನ್ನೋ ಸದ್ದು. 'ಪ', 'ಭ' ಬಂದಾಗ ಢಬ್ ಅನ್ನುತ್ತದೆ. 15 ಸಾವಿರದ ಮೈಕ್ ತಗೊಂಡರೆ ಸರಿಹೋಗುತ್ತಾ? ಇಲ್ಲಾ ಎಐ ಬಳಸಿ ಸದ್ದು ತೆಗೆಯುವ ಸಾಫ್ಟ್‌ವೇರ್ ಸಾಕಾ?

ಉತ್ತರ: ಹೊಸ ಮೈಕ್ ತಗೋಬೇಡಿ. ಸದ್ಯಕ್ಕಂತೂ ಬೇಡ. ನಿಮ್ಮ ತೊಂದರೆಯ ಮುಕ್ಕಾಲು ಪಾಲು ನೀವೇ ಬರೆದ ಒಂದು ಮಾತಿನಲ್ಲಿದೆ: 'ಲ್ಯಾಪ್‌ಟಾಪ್ ಹಿಂದೆ ಇಟ್ಟುಕೊಂಡು'. ಲ್ಯಾಪ್‌ಟಾಪ್ ಹಿಂದೆ ಅಂದರೆ ನಿಮ್ಮ ಬಾಯಿಂದ ಕಡಿಮೆ ಅಂದರೂ 60 ಸೆಂಟಿಮೀಟರ್, ಅಂದರೆ ಎರಡಡಿ ದೂರ. ಅಷ್ಟು ದೂರದಲ್ಲಿಟ್ಟರೆ 15 ಸಾವಿರದ ಮೈಕ್ ಕೂಡ ಅದೇ ಬಾತ್‌ರೂಮನ್ನು ಕೇಳಿಸುತ್ತದೆ. ಇನ್ನೂ ಸ್ಪಷ್ಟವಾಗಿ ಕೇಳಿಸಬಹುದು, ಅಷ್ಟೇ.

ಯಾಕೆ ಹೀಗೆ ಅಂತ ಸ್ವಲ್ಪ ನೋಡೋಣ, ಉಳಿದದ್ದೆಲ್ಲ ಇದರ ಮೇಲೇ ನಿಂತಿದೆ. ಮೈಕ್‌ಗೆ ಎರಡು ದಾರಿಯಲ್ಲಿ ಸದ್ದು ಬರುತ್ತದೆ. ಒಂದು, ನಿಮ್ಮ ಬಾಯಿಂದ ನೇರವಾಗಿ ಬಂದದ್ದು. ಇನ್ನೊಂದು, ಗೋಡೆ, ನೆಲ, ಸೂರಿಗೆ ಬಡಿದು ರೂಮಿನ ತುಂಬ ಸುತ್ತಿ ಬಂದದ್ದು. ನೇರವಾಗಿ ಬಂದ ದನಿ ದೂರ ಹೋದಂತೆ ಬೇಗ ಸೊರಗುತ್ತದೆ. ದೂರ ಎರಡರಷ್ಟಾದರೆ 6 ಡೆಸಿಬೆಲ್ (ಸದ್ದಿನ ಮಟ್ಟದ ಅಳತೆ) ಇಳಿಯುತ್ತದೆ. ಸುತ್ತಿ ಬಂದ ಸದ್ದು ಹಾಗಲ್ಲ. ಅದೂ, ಫ್ಯಾನಿನ ಸದ್ದೂ ಆ ಮೇಜಿನ ಆಸುಪಾಸಿನಲ್ಲಿ ಎಲ್ಲಿ ಇಟ್ಟರೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತವೆ.

ಈಗ ಮೈಕನ್ನು 60 ಸೆಂಟಿಮೀಟರ್‌ನಿಂದ 15ಕ್ಕೆ ತನ್ನಿ. 60ರಿಂದ 30ಕ್ಕೆ ಬಂದಾಗ 6 ಡೆಸಿಬೆಲ್, 30ರಿಂದ 15ಕ್ಕೆ ಬಂದಾಗ ಇನ್ನೊಂದು 6. ನಿಮ್ಮ ದನಿ ಒಟ್ಟು 12 ಡೆಸಿಬೆಲ್ ಮೇಲೆ ಬಂತು. ದನಿ ಇಷ್ಟು ಜೋರಾದ ಮೇಲೆ ಗೇನ್ ಗುಂಡಿಯನ್ನು, ಅಂದರೆ ಮೈಕ್ ಹಿಡಿದ ಸದ್ದನ್ನು ಎಷ್ಟು ಹಿಗ್ಗಿಸಬೇಕು ಅಂತ ಹೇಳುವ ಗುಂಡಿಯನ್ನು, 12 ಡೆಸಿಬೆಲ್ ಇಳಿಸಬಹುದು. ಇಳಿಸಿದಾಗ ದನಿ ಮೊದಲಿದ್ದಷ್ಟೇ ಇರುತ್ತದೆ. ಆದರೆ ಫ್ಯಾನು, ಗೋಡೆಯ ಗುಂಗು, ಪಕ್ಕದ ಮನೆಯ ಮಿಕ್ಸಿ ಎಲ್ಲವೂ 12 ಡೆಸಿಬೆಲ್ ಕೆಳಗೆ ಹೋಗಿರುತ್ತವೆ. ಒಂದು ಪೈಸೆ ಖರ್ಚಿಲ್ಲ. ಯಾವ ಸಾಫ್ಟ್‌ವೇರೂ ದನಿಗೆ ಪೆಟ್ಟು ಕೊಡದೆ ಇಷ್ಟು ಕೆಲಸ ಮಾಡುವುದಿಲ್ಲ.

ಹಾಗಾದರೆ ಎಷ್ಟು ಹತ್ತಿರ? ಒಂದು ಗೇಣಿಗಿಂತ ಸ್ವಲ್ಪ ಕಡಿಮೆ. ಹೆಬ್ಬೆರಳಿನ ತುದಿ ಮೈಕ್‌ಗೆ ತಾಗಿಸಿ, ತೋರುಬೆರಳನ್ನು ಪೂರ್ತಿ ಚಾಚಿ ತುಟಿಗೆ ಮುಟ್ಟಿಸಿ. ಅದೇ ಸುಮಾರು 15 ಸೆಂಟಿಮೀಟರ್. ಪ್ರತಿ ಸಲ ಕೂತಾಗಲೂ ಹೀಗೆ ಅಳೆಯಿರಿ. ಇಲ್ಲದಿದ್ದರೆ ಸೋಮವಾರದ ಕಥೆಗೂ ಗುರುವಾರದ ಕಥೆಗೂ ದನಿ ಬೇರೆ ಬೇರೆ ಆಗುತ್ತದೆ. ಅದಕ್ಕಿಂತ ಹತ್ತಿರ, ಐದಾರು ಸೆಂಟಿಮೀಟರ್‌ಗೆ ಹೋದರೆ ದನಿಯ ಬುಡ ದಪ್ಪವಾಗುತ್ತದೆ. ಒಂದೇ ದಿಕ್ಕಿನಿಂದ ಕೇಳುವ ಮೈಕ್‌ಗಳ ಗುಣವೇ ಅದು, ಹತ್ತಿರ ಬಂದಷ್ಟೂ ಬೇಸ್ ಜಾಸ್ತಿ. ರಾತ್ರಿ ಹನ್ನೊಂದರ ಎಫ್‌ಎಂ ನಿರೂಪಕರಿಗೆ ಅದು ಬೇಕು. ಕಾಗಕ್ಕ ಗುಬ್ಬಕ್ಕನ ಕಥೆಗೆ ಬೇಡ.

ಮೈಕ್ ಜೊತೆ ಬರುವ ಪುಟ್ಟ ಸ್ಟ್ಯಾಂಡ್‌ನಿಂದ ಈ ಕೆಲಸ ಆಗುವುದಿಲ್ಲ. ಅದು ಎದೆಮಟ್ಟಕ್ಕೂ ಬರುವುದಿಲ್ಲ. ಕತ್ತು ಬಗ್ಗಿಸಿ ಓದಿದರೆ ಗಂಟಲು ಒತ್ತಿ ದನಿ ಕಟ್ಟುತ್ತದೆ. ಮೈಕೇ ಮೇಲೆ ಬರಬೇಕು. ಮೇಜಿಗೆ ಕಚ್ಚಿಸಿ ಮೈಕನ್ನು ಬಾಯಿಯ ಹತ್ತಿರಕ್ಕೆ ಚಾಚುವ ತೋಳು, ಬೂಮ್ ಆರ್ಮ್, ಸಿಗುತ್ತದೆ. ಹಣ ಖರ್ಚು ಮಾಡಲೇಬೇಕು ಅನ್ನಿಸಿದರೆ ಮೊದಲು ಅದಕ್ಕೆ ಮಾಡಿ. ಅಲ್ಲಿಯವರೆಗೆ ದಪ್ಪ ಪುಸ್ತಕಗಳನ್ನು ಪೇರಿಸಿ, ಮೇಲೆ ನಾಲ್ಕು ಮಡಿಕೆ ಟವೆಲ್ ಹಾಕಿ, ಅದರ ಮೇಲೆ ಮೈಕ್ ಇಡಿ. ಟವೆಲ್ ಯಾಕೆ ಅಂದರೆ, ಮೇಜಿಗೆ ಕೈ ತಾಗಿದ್ದು, ಲ್ಯಾಪ್‌ಟಾಪ್ ಫ್ಯಾನಿನ ನಡುಕ, ಕೆಳಗೆ ಕಾಲು ಅಲ್ಲಾಡಿಸಿದ್ದು ಎಲ್ಲವೂ ಮರದ ಮೂಲಕ ಏರಿ ಮೈಕ್‌ಗೆ ದಬ್ ದಬ್ ಅಂತ ಸೇರುತ್ತದೆ. ಇನ್ನೊಂದು ಟವೆಲನ್ನು ಮೈಕ್ ಮತ್ತು ನಿಮ್ಮ ನಡುವೆ ಮೇಜಿನ ಮೇಲೇ ಹರಡಿ. ಬರಿ ಮೇಜಿಗೆ ಬಡಿದ ದನಿ ಒಂದು ಕ್ಷಣ ತಡವಾಗಿ ಮೈಕ್ ಸೇರಿ, ನೇರ ದನಿಯ ಜೊತೆ ಬೆರೆತು, ಡಬ್ಬಿಯೊಳಗಿಂದ ಮಾತಾಡಿದ ಹಾಗೆ ಮಾಡುತ್ತದೆ.

ಕಥೆಯ ಪಠ್ಯ ಎಲ್ಲಿರಬೇಕು ಅನ್ನೋದೂ ಮುಖ್ಯ. ಮೈಕ್‌ನ ಹಿಂದೆ, ಕಣ್ಣಿನ ಮಟ್ಟಕ್ಕೆ. ಲ್ಯಾಪ್‌ಟಾಪನ್ನು ಆದಷ್ಟು ದೂರ ಸರಿಸಿ, ಅಕ್ಷರ ದೊಡ್ಡದು ಮಾಡಿಕೊಳ್ಳಿ, ಇಲ್ಲಾ ಫೋನಿನಲ್ಲಿ ಓದಿ. ಪಕ್ಕಕ್ಕೆ ತಿರುಗಿ ಓದಿದರೆ ಪ್ರತಿ ಸಾಲಿನ ಕೊನೆಯಲ್ಲಿ ದನಿ ಮಂಕಾಗುತ್ತದೆ. ಹಾಗೇ ಬಳೆ ತೆಗೆದಿಡಿ. ಗಾಜಿನ ಬಳೆಯ ಕಿಣಿಕಿಣಿ 15 ಸೆಂಟಿಮೀಟರ್ ದೂರದ ಕಂಡೆನ್ಸರ್ ಮೈಕ್‌ಗೆ ಮದುವೆ ಮನೆಯಷ್ಟು ಕೇಳಿಸುತ್ತದೆ. ಕಿರುಗುಟ್ಟುವ ಪ್ಲಾಸ್ಟಿಕ್ ಕುರ್ಚಿಯೂ ಬೇಡ.

ಇನ್ನೊಂದು ವಿಷಯ, ಮೈಕ್‌ನ ಯಾವ ಮುಖಕ್ಕೆ ಮಾತಾಡುತ್ತಿದ್ದೀರಿ? ಮೇಜಿನ ಕಂಡೆನ್ಸರ್ ಮೈಕ್‌ಗಳಲ್ಲಿ ಬಹಳಷ್ಟು ತುದಿಯಿಂದಲ್ಲ, ಪಕ್ಕದಿಂದ ಕೇಳುತ್ತವೆ. ಬ್ಲೂ ಯೇಟಿ ಹಾಗೇ, ಆಡಿಯೋ-ಟೆಕ್ನಿಕಾದ ಎಟಿ2020 ಕೂಡ ಹಾಗೇ. ಇವನ್ನು ಐಸ್‌ಕ್ರೀಂ ಕೋನ್ ಥರ ಬಾಯಿಗೆ ಬಗ್ಗಿಸಿ ಮಾತಾಡುವವರನ್ನು ವಿಡಿಯೋಗಳಲ್ಲಿ ದಿನಾ ನೋಡುತ್ತೇನೆ. ಸಾಮಾನ್ಯವಾಗಿ ಕಂಪನಿಯ ಲೋಗೋ ಇರುವ ಮುಖ ನಿಮ್ಮ ಕಡೆ ಇರಬೇಕು, ಮೈಕ್ ನೆಟ್ಟಗೆ ನಿಂತಿರಬೇಕು. ನಿಮ್ಮ ಮೈಕ್‌ನಲ್ಲಿ ಯಾವ ದಿಕ್ಕಿನಿಂದ ಕೇಳಬೇಕು ಅಂತ ಆರಿಸುವ ಪ್ಯಾಟರ್ನ್ ಗುಂಡಿ ಇದ್ದರೆ, ಮುಂದಿನಿಂದ ಹೆಚ್ಚು ಕೇಳುವ ಕಾರ್ಡಿಯಾಯ್ಡ್‌ಗೆ, ಹೃದಯದ ಆಕಾರದ ಗುರುತಿಗೆ ಇಡಿ. ಪೂರ್ತಿ ವೃತ್ತದ ಗುರುತಿನಲ್ಲಿ ಬಿಟ್ಟರೆ ಅದು ನಾಲ್ಕೂ ಕಡೆಯಿಂದ ಕೇಳುತ್ತದೆ. ಬಾತ್‌ರೂಮ್ ಸದ್ದಿಗೆ ಎಷ್ಟೋ ಸಲ ಇದೇ ಕಾರಣ.

ಢಬ್ ಸದ್ದಿಗೆ ಬರೋಣ. ಅದು ಸದ್ದೇ ಅಲ್ಲ, ಗಾಳಿ. 'ಪ', 'ಬ' ಹೇಳುವಾಗ ತುಟಿ ಮುಚ್ಚಿ ಬಿಡುತ್ತೇವೆ, ಒಂದು ಉಸಿರು ಚಿಮ್ಮುತ್ತದೆ. 'ಫ', 'ಭ' ಆದರೆ ಇನ್ನೂ ಜಾಸ್ತಿ. ಅಂಗೈಯನ್ನು ಬಾಯೆದುರು ಹಿಡಿದು 'ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ' ಅನ್ನಿ. ಎಲ್ಲೆಲ್ಲಿ ಗಾಳಿ ಬಡಿಯಿತೋ ಅಲ್ಲೆಲ್ಲ ಮೈಕ್ ಢಬ್ ಅನ್ನುತ್ತದೆ. ಈಗ ಕೈಯನ್ನು ಬಾಯಿಯ ಪಕ್ಕಕ್ಕೆ, ಕೆನ್ನೆಯ ನೇರಕ್ಕೆ ಸರಿಸಿ ಮತ್ತೆ ಹೇಳಿ. ಗಾಳಿ ತಾಗುವುದಿಲ್ಲ, ಆದರೆ ದನಿ ಅಲ್ಲಿಗೂ ಹೋಗುತ್ತದೆ. ಹಾಗಾಗಿ ಮೈಕನ್ನು ಬಾಯಿಯ ನೇರಕ್ಕಲ್ಲ, ತುಸು ಪಕ್ಕಕ್ಕೆ, 30 ಡಿಗ್ರಿಯಷ್ಟು ಓರೆಯಾಗಿಟ್ಟು ಬಾಯಿಯ ಕಡೆ ತಿರುಗಿಸಿ. ನೀವು ನೇರ ಮುಂದೆ ನೋಡಿ ಓದಿ. ಜೊತೆಗೆ ಒಂದು ಪಾಪ್ ಫಿಲ್ಟರ್, ಅಂದರೆ ಉಸಿರು ತಡೆಯುವ ತೆಳು ಪರದೆ, ಇರಲಿ. ಕಸೂತಿ ಹಾಕುವ ಮರದ ಬಳೆಗೆ ಹಳೇ ನೈಲಾನ್ ಕಾಲ್ಚೀಲ ಬಿಗಿದರೂ ನಡೆಯುತ್ತದೆ. ಮೈಕ್‌ಗೆ ಅಂಟಿಕೊಂಡಿರಬಾರದು, ನಡುವೆ ಮೂರ್ನಾಲ್ಕು ಬೆರಳು ಜಾಗ ಇರಲಿ. ಓರೆ ಇಟ್ಟರೆ 'ಸ', 'ಶ'ಗಳ ಚುಯ್ ಅನ್ನೋ ಚುಚ್ಚೂ ಸ್ವಲ್ಪ ತಗ್ಗುತ್ತದೆ.

ಗೇನ್ ಎಷ್ಟಿರಬೇಕು? ಕಥೆಯಲ್ಲಿ ಅತಿ ಜೋರಾಗಿ ಬರುವ ಸಾಲು, ಹುಲಿ ಗರ್ಜಿಸುವ ಜಾಗ, ಅದನ್ನು ಓದಿ ನೋಡಿ. ರೆಕಾರ್ಡ್ ಮಾಡುವ ಸಾಫ್ಟ್‌ವೇರ್‌ನ ಮೀಟರ್‌ನಲ್ಲಿ ಅದು ಮೈನಸ್ 6 ಡೆಸಿಬೆಲ್ ದಾಟಬಾರದು, ಅಲ್ಲಿ ಸೊನ್ನೆಯೇ ಗರಿಷ್ಠ ಮಟ್ಟ. ಮಾಮೂಲಿ ಮಾತು ಮೈನಸ್ 12ರ ಆಸುಪಾಸು ಏರಿಳಿಯಲಿ. ಸೊನ್ನೆ ಮುಟ್ಟಿದರೆ ಅಲೆಯ ತಲೆ ಕತ್ತರಿಸಿ ಹೋಗುತ್ತದೆ, ಅದನ್ನು ಆಮೇಲೆ ಸರಿಯಾಗಿ ಕೂಡಿಸಲು ಬರುವುದಿಲ್ಲ. ರೆಕಾರ್ಡಿಂಗ್ ಸ್ವಲ್ಪ ಮೆಲ್ಲಗಿದೆ ಅನ್ನಿಸಿದರೆ ಹೆದರಬೇಡಿ, ಕೊನೆಯಲ್ಲಿ ಏರಿಸಬಹುದು.

ವಿಂಡೋಸ್‌ನಲ್ಲಿ ಒಂದು ಕಿತಾಪತಿ ಇದೆ. ಸೌಂಡ್ ಸೆಟ್ಟಿಂಗ್ಸ್‌ಗೆ ಹೋಗಿ, ನಿಮ್ಮ ಮೈಕ್ ಆರಿಸಿ, 'ಆಡಿಯೋ ಎನ್‌ಹಾನ್ಸ್‌ಮೆಂಟ್ಸ್' ಅಂತ ಏನಿದೆಯೋ ಅದನ್ನು ಆಫ್ ಮಾಡಿ. ದನಿಯ ಮಟ್ಟವನ್ನು ತಾನೇ ಏರಿಸಿ ಇಳಿಸುವ ಆಟೋ ಗೇನ್ ಆನ್ ಇದ್ದರೆ ಅದರ ಲಕ್ಷಣ ಹೀಗಿರುತ್ತದೆ: ಮಾತಾಡುವಾಗ ಫ್ಯಾನ್ ಸದ್ದು ಇರುವುದಿಲ್ಲ, ಮಾತು ನಿಲ್ಲಿಸಿದ ಒಂದೆರಡು ಸೆಕೆಂಡಿನಲ್ಲಿ 'ಹುಶ್ಶ್' ಅಂತ ಮೇಲೇಳುತ್ತದೆ, ಮತ್ತೆ ಮಾತು ಶುರುವಾದರೆ ಅಡಗುತ್ತದೆ. ಮೀಟಿಂಗ್‌ಗೆ ಅದು ಸರಿ. ಕಥೆಗೆ ದೊಡ್ಡ ಕಿರಿಕಿರಿ.

ಈಗ ರೂಮು. ಇದಕ್ಕೆ ಸ್ವಲ್ಪ ಹೆಚ್ಚು ಹೊತ್ತು ಬೇಕು.

ಮೊದಲು ಒಂದು ಪರೀಕ್ಷೆ. ನೀವು ಕೂರುವ ಜಾಗದಲ್ಲಿ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಚಪ್ಪಾಳೆಯ ಬಾಲದಲ್ಲಿ 'ಝ್ರೀಂ' ಅಂತ ಲೋಹದ ಥರದ ನಡುಕ ಕೇಳಿಸಿದರೆ, ಎದುರುಬದುರಿನ ಎರಡು ಬರಿ ಗೋಡೆಗಳ ನಡುವೆ ಸದ್ದು ಚೆಂಡಾಡುತ್ತಿದೆ ಅಂತ ಅರ್ಥ. ಎರಡನೇ ಪರೀಕ್ಷೆಗೆ ನಿಮ್ಮ ಫೋನ್ ಸಾಕು. ಅದೇ ಜಾಗದಲ್ಲಿ ಫೋನನ್ನು ಬಾಯಿಂದ 15 ಸೆಂಟಿಮೀಟರ್ ದೂರದಲ್ಲಿಟ್ಟು ಎರಡು ಸಾಲು ರೆಕಾರ್ಡ್ ಮಾಡಿ, ಆಮೇಲೆ ಅದೇ ಎರಡು ಸಾಲನ್ನು ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆಗೆದು, ಬಟ್ಟೆಗಳಿಗೆ ಬೆನ್ನು ಮಾಡಿ ನಿಂತು ರೆಕಾರ್ಡ್ ಮಾಡಿ. ಇಯರ್‌ಫೋನ್ ಹಾಕಿ ಎರಡನ್ನೂ ಕೇಳಿ. ಎರಡನೆಯದೇ ಚೆನ್ನಾಗಿದ್ದರೆ ನಿಮ್ಮ 6 ಸಾವಿರದ ಮೈಕ್ ನಿರಪರಾಧಿ.

ಬೆನ್ನು ಮಾಡಿ ಅಂದೆ, ಮುಖ ಮಾಡಿ ಅನ್ನಲಿಲ್ಲ. ಬಹಳ ಜನ ಮೈಕ್‌ನ ಹಿಂದಿನ ಗೋಡೆಗೆ ಫೋಮ್ ಅಂಟಿಸುತ್ತಾರೆ, ಯಾಕೆಂದರೆ ವಿಡಿಯೋದಲ್ಲಿ ಅದು ಕಾಣುತ್ತದೆ. ಆದರೆ ಕಾರ್ಡಿಯಾಯ್ಡ್ ಮೈಕ್ ನಿಮ್ಮ ಕಡೆ ಮುಖ ಮಾಡಿ ಕೂತಿದೆ. ಅದಕ್ಕೆ ಕಾಣುವುದು ನೀವು, ಮತ್ತು ನಿಮ್ಮ ಬೆನ್ನ ಹಿಂದಿನ ಗೋಡೆ. ದನಿ ಮುಂದಿನ ಗೋಡೆಗೆ ಬಡಿದು, ಹಿಂದಿನ ಗೋಡೆಗೆ ಹೋಗಿ, ಅಲ್ಲಿಂದ ನಿಮ್ಮ ಹೆಗಲ ಮೇಲಿಂದ ಮೈಕ್‌ನ ಬಾಯಿಗೇ ಬೀಳುತ್ತದೆ. ಆದ್ದರಿಂದ ಮೆತ್ತನೆಯದು ಏನಿದ್ದರೂ ಮೊದಲು ನಿಮ್ಮ ಬೆನ್ನ ಹಿಂದೆ ಬರಬೇಕು. ಆಮೇಲೆ ಎರಡು ಪಕ್ಕ. ಮೈಕ್‌ನ ಹಿಂದಿನ ಗೋಡೆ ಕೊನೆಗೆ.

ಹುಬ್ಬಳ್ಳಿಯವರಿಗೆ ಕೌದಿ ಅಂದರೇನು ಅಂತ ಹೇಳಬೇಕಿಲ್ಲ. ಹಳೇ ಸೀರೆ, ಧೋತರಗಳನ್ನು ಪದರ ಪದರವಾಗಿ ಇಟ್ಟು ಕೈಯಲ್ಲಿ ಹೊಲಿದ ಆ ದಪ್ಪ ಹೊದಿಕೆಗಿಂತ ಒಳ್ಳೆಯ ಸಾಮಾನು ಈ ಕೆಲಸಕ್ಕೆ ಮನೆಯಲ್ಲಿ ಸಿಗುವುದು ಕಷ್ಟ. ಬೆನ್ನ ಹಿಂದೆ ಒಂದು ಹಗ್ಗ ಕಟ್ಟಿ, ಎರಡು ಕೌದಿಗಳನ್ನು ಒಂದರ ಮೇಲೊಂದು ಇಳಿಬಿಡಿ. ಗೋಡೆಗೆ ಅಂಟಿಸಬೇಡಿ, ಒಂದು ಗೇಣು ಮುಂದಕ್ಕಿರಲಿ. ಗೋಡೆಯ ಮೈಗೆ ಅಂಟಿದಂತೆ ಗಾಳಿ ಹೆಚ್ಚು ಓಡಾಡುವುದಿಲ್ಲ. ಓಡಾಡುವ ಗಾಳಿಯನ್ನು ಎಳೆಗಳಲ್ಲಿ ತಡೆದಾಗಲೇ ಬಟ್ಟೆ ಸದ್ದು ಹೀರುವುದು. ಸದ್ದಿನ ಅಲೆಯ ಕಾಲು ಭಾಗದಷ್ಟು ದೂರದಲ್ಲಿ ಗಾಳಿ ಅತಿ ಜೋರಾಗಿ ಓಡಾಡುತ್ತದೆ. 340 ಹರ್ಟ್ಸ್‌ನ ಸದ್ದಿಗೆ ಅಲೆಯ ಉದ್ದ ಸುಮಾರು ಒಂದು ಮೀಟರ್, ಅದರ ಕಾಲು ಭಾಗ 25 ಸೆಂಟಿಮೀಟರ್. ಅದೇ ಒಂದು ಗೇಣಿನ ಲೆಕ್ಕ.

ಈ ಲೆಕ್ಕ ಗೊತ್ತಾದರೆ ಆನ್‌ಲೈನ್‌ನಲ್ಲಿ ಸಿಗುವ ಒಂದಿಂಚಿನ ಕಪ್ಪು ಫೋಮ್ ಯಾಕೆ ಅಷ್ಟಾಗಿ ಪ್ರಯೋಜನವಿಲ್ಲ ಅನ್ನೋದೂ ಗೊತ್ತಾಗುತ್ತದೆ. ಅದು 'ಸ', 'ಚ'ಗಳಂಥ ಚೂಪು ಸದ್ದನ್ನಷ್ಟೇ ಹೀರುತ್ತದೆ. ದನಿಯ ಬುಡವನ್ನು ಹಾಗೇ ಬಿಡುತ್ತದೆ. ರೂಮ್ ತುಂಬ ಅದನ್ನೇ ಅಂಟಿಸಿದರೆ ಮಾತು ಮಂಕಾಗಿ, ಗುಮ್ ಅನ್ನೋದು ಮಾತ್ರ ಉಳಿಯುತ್ತದೆ. ಇನ್ನು ಮೊಟ್ಟೆ ಟ್ರೇ ಅಂಟಿಸುವ ಸಲಹೆ ಯಾರಾದರೂ ಕೊಟ್ಟರೆ ನಕ್ಕು ಸುಮ್ಮನಾಗಿ. ಅದು ತೆಳು ರಟ್ಟು. ಜಿರಳೆಗೆ ಅನುಕೂಲ, ದನಿಗೆ ಏನೂ ಇಲ್ಲ.

ಹತ್ತಿಯ ಹಾಸಿಗೆ ಇದ್ದರೆ ಅದನ್ನು ಒಂದು ಪಕ್ಕಕ್ಕೆ ಗೋಡೆಗೆ ಒರಗಿಸಿ ನಿಲ್ಲಿಸಿ. ಟೈಲ್ಸ್ ಮೇಲೆ ಜಮಖಾನೆ ಹಾಸಿ. ರೂಮಿನ ನಟ್ಟನಡುವೆ ಕೂರಬೇಡಿ. ಮಲಗುವ ಕೋಣೆ ಇದ್ದರೆ ಹಾಲ್‌ಗಿಂತ ಅದೇ ಮೇಲು, ಮಂಚ ಹಾಸಿಗೆಯೇ ಅರ್ಧ ಕೆಲಸ ಮಾಡುತ್ತದೆ. ಹೋಟೆಲ್ ರೂಮಿನಲ್ಲಿ ರೇಡಿಯೋ ವರದಿಗಾರರು ರಗ್ಗು ಹೊದ್ದು ಒಳಗೆ ಕೂತು ರೆಕಾರ್ಡ್ ಮಾಡುವುದುಂಟು. ದನಿ ಚೆನ್ನಾಗೇ ಬರುತ್ತದೆ. ಆದರೆ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯಲ್ಲಿ ಅದನ್ನು ಮಾಡಿ ಅಂತ ಹೇಳುವಷ್ಟು ಕಲ್ಲೆದೆ ನನಗಿಲ್ಲ.

ಮನೆಯಲ್ಲಿ ಇದೆಲ್ಲ ಆಗುತ್ತಾ ಅನ್ನೋ ಅನುಮಾನ ಇದ್ದರೆ, ಮೈಸೂರಿನ ಎಂ.ವಿ. ಗೋಪಾಲಸ್ವಾಮಿಯವರನ್ನು ನೆನೆಯಿರಿ. ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅವರು 1935ರಲ್ಲಿ 'ಆಕಾಶವಾಣಿ' ಹೆಸರಿನ ರೇಡಿಯೋ ನಿಲಯ ಶುರು ಮಾಡಿದ್ದು ತಮ್ಮ ಮನೆಯಲ್ಲೇ.

ಇನ್ನು ಉಳಿದದ್ದು ಗುಂಯ್. ಇದು ಎಲ್ಲಿಂದ ಬರುತ್ತಿದೆ ಅಂತ ಊಹೆ ಮಾಡಬೇಡಿ, ಒಂದೊಂದಾಗಿ ಆಫ್ ಮಾಡಿ ಹಿಡಿಯಿರಿ. ಹೆಡ್‌ಫೋನ್ ಹಾಕಿಕೊಳ್ಳಿ. ರೆಕಾರ್ಡ್ ಒತ್ತಿ ಸುಮ್ನೆ ಕೂತು ಮೀಟರ್ ನೋಡಿ. ಮೊದಲು ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಹಾಕಿ. ಗುಂಯ್ ತಟ್ಟನೆ ನಿಂತಿತಾ? ಹಾಗಾದರೆ ತೊಂದರೆ ಕರೆಂಟಿನದ್ದು. ನಮ್ಮ ಕರೆಂಟ್ 50 ಹರ್ಟ್ಸ್‌ನದ್ದು, ಅದರ ಗುಂಗು 50, 100, 150 ಹರ್ಟ್ಸ್‌ಗಳಲ್ಲಿ ಕೇಳಿಸುತ್ತದೆ. ಎರಡು ಪಿನ್ನಿನ ಚಾರ್ಜರ್ ಹಾಕಿದಾಗ ಲ್ಯಾಪ್‌ಟಾಪ್‌ನ ಲೋಹದ ಮೈ ಮುಟ್ಟಿದರೆ ಜುಮ್ ಅನ್ನುತ್ತದಲ್ಲ, ಅದೇ ಸೋರಿಕೆ ಮೈಕ್ ದಾರಿಗೂ ಸೇರಬಹುದು. 3.5 ಮಿಲಿಮೀಟರ್ ಪಿನ್ನಿನ ಅಗ್ಗದ ಮೇಜಿನ ಮೈಕ್‌ಗಳಿಗೆ ಈ ಕಾಟ ಜಾಸ್ತಿ, ಯುಎಸ್‌ಬಿ ಮೈಕ್‌ಗೆ ಕಡಿಮೆ, ಆದರೂ ಇಲ್ಲ ಅನ್ನುವ ಹಾಗಿಲ್ಲ. ಮೂರು ಪಿನ್ನಿನ ಪ್ಲಗ್, ಸರಿಯಾದ ಅರ್ತ್ ಇರುವ ಸಾಕೆಟ್ ಬೇಕು. ಇಲ್ಲದಿದ್ದರೆ ಬ್ಯಾಟರಿಯಲ್ಲೇ ರೆಕಾರ್ಡ್ ಮಾಡಿ. ಕೀಂ ಅನ್ನೋ ಸಣ್ಣ ಸಿಳ್ಳೆ ಬರುತ್ತಿದ್ದರೆ ಯುಎಸ್‌ಬಿ ಹಬ್ ಬಿಟ್ಟು ನೇರ ಲ್ಯಾಪ್‌ಟಾಪ್‌ಗೆ ಚುಚ್ಚಿ, ಬೇರೆ ಪೋರ್ಟ್ ನೋಡಿ.

ಚಾರ್ಜರ್ ಕಿತ್ತರೂ ನಿಲ್ಲದಿದ್ದರೆ ಅದು ಗಾಳಿಯಲ್ಲೇ ಇರುವ ಸದ್ದು. ಸೀಲಿಂಗ್ ಫ್ಯಾನ್ ಆಫ್ ಮಾಡಲೇಬೇಕು, ಬೇರೆ ದಾರಿ ಇಲ್ಲ. ಸ್ಪೀಡ್ ಕಮ್ಮಿ ಮಾಡಿದರೆ ಸಾಕು ಅಂದುಕೊಳ್ಳಬೇಡಿ. ಕೆಲವು ಎಲೆಕ್ಟ್ರಾನಿಕ್ ರೆಗ್ಯುಲೇಟರ್‌ಗಳು ಕರೆಂಟಿನ ಅಲೆಯನ್ನೇ ಕತ್ತರಿಸಿ ವೇಗ ಇಳಿಸುತ್ತವೆ, ಆಗ ಫ್ಯಾನಿನ ಮೋಟಾರು ಎರಡರಲ್ಲಿಟ್ಟಾಗಲೇ ಐದಕ್ಕಿಂತ ಜಾಸ್ತಿ ಗುಂಯ್‌ಗುಡುತ್ತದೆ. ಹತ್ತು ನಿಮಿಷ ಆಫ್ ಮಾಡಿ ಓದಿ, ಮತ್ತೆ ಹಾಕಿಕೊಂಡು ನೀರು ಕುಡಿಯಿರಿ. ನೀರು ಕುಡಿದರೆ ಬಾಯಿಯ ಚಪ್ ಚಪ್ ಸದ್ದೂ ಕಮ್ಮಿಯಾಗುತ್ತದೆ. ಕುಕ್ಕರ್, ಹಾರ್ನ್, ಲಿಫ್ಟು ನಿಮ್ಮ ಕೈಯಲ್ಲಿಲ್ಲ. ಬೆಳಗಿನ ಐದು ಗಂಟೆ ಒಳ್ಳೆಯದು, ಆದರೆ ಆರಕ್ಕೆ ಕಾಗೆಗಳು ಏಳುತ್ತವೆ. ನನ್ನ ಕೇಳಿದರೆ ಅತಿ ಒಳ್ಳೆಯ ಹೊತ್ತು ಕರೆಂಟ್ ಹೋದಾಗ. ಇಡೀ ಬಿಲ್ಡಿಂಗ್‌ನ ಮೋಟಾರುಗಳು ಒಮ್ಮೆಗೇ ಸುಮ್ಮನಾಗುತ್ತವೆ. ನಿಮ್ಮ ಇನ್ವರ್ಟರ್ ಪಕ್ಕದ ರೂಮಿನಲ್ಲಿದ್ದರೆ ಸಾಕು. ಬೆಸ್ಕಾಂ, ಹೆಸ್ಕಾಂಗಳಿಗೆ ಬಯ್ಯುತ್ತಾ ಕೂರುವ ಬದಲು ಒಂದು ಕಥೆ ಮುಗಿಸಬಹುದು, ಅಲ್ವಾ?

ರೂಮು ಎಷ್ಟು ಮೌನವಾಗಿದ್ದರೆ ಸಾಕು? ಒಂದು ಅಳತೆ ಕೊಡುತ್ತೇನೆ. ಆಡಿಬಲ್‌ಗೆ ಆಡಿಯೋ ಪುಸ್ತಕ ಕಳಿಸುವ ಎಸಿಎಕ್ಸ್ ವೇದಿಕೆಯ ನಿಯಮದಂತೆ ಮಾತಿಲ್ಲದ ಜಾಗದ ಸದ್ದು ಮೈನಸ್ 60 ಡೆಸಿಬೆಲ್‌ಗಿಂತ ಕೆಳಗಿರಬೇಕು. ಅತಿ ಜೋರಿನ ಜಾಗ ಮೈನಸ್ 3 ದಾಟಬಾರದು. ನೀವು ಅಲ್ಲಿಗೆ ಕಳಿಸದಿದ್ದರೂ ಗುರಿಗೆ ಇದು ಚೆನ್ನಾಗಿದೆ. ಮೇಲಿನದನ್ನೆಲ್ಲ ಮಾಡಿದ ಮೇಲೆ ಮೈನಸ್ 55 ಬಂದರೂ ಖುಷಿಪಡಿ, ಉಳಿದ ಐದನ್ನು ಸಾಫ್ಟ್‌ವೇರ್ ಇಳಿಸುತ್ತದೆ.

ಸಾಫ್ಟ್‌ವೇರ್‌ಗೆ ಆಡಾಸಿಟಿ ಸಾಕು, ಅದು ಉಚಿತ. ಮೋನೋದಲ್ಲಿ (ಒಂದೇ ಚಾನೆಲ್), 48,000 ಹರ್ಟ್ಸ್‌ನಲ್ಲಿ ರೆಕಾರ್ಡ್ ಮಾಡಿ, ಸದ್ದನ್ನು ಹಿಂಡದೆ ಇಡುವ ಡಬ್ಲ್ಯುಎವಿ ಫೈಲ್ ಆಗಿ ಉಳಿಸಿ. 24 ಬಿಟ್‌ನಲ್ಲಿ ಒಂದು ನಿಮಿಷಕ್ಕೆ 8.6 ಎಂಬಿ ಆಗುತ್ತದೆ, ಇವತ್ತಿನ ಕಾಲಕ್ಕೆ ಅದೇನು ದೊಡ್ಡದಲ್ಲ. ಶುರುವಿನಲ್ಲಿ ಹತ್ತು ಸೆಕೆಂಡ್ ಏನೂ ಮಾತಾಡದೆ ರೂಮಿನ ಮೌನ ಹಿಡಿಯಿರಿ, ಹಿನ್ನೆಲೆಯ ಸದ್ದು ಇಳಿಸುವ ನಾಯ್ಸ್ ರಿಡಕ್ಷನ್‌ಗೆ ಅದೇ ಮಾದರಿ. ತಪ್ಪು ಓದಿದಾಗ ನಿಲ್ಲಿಸಬೇಡಿ. ಒಂದು ಚಪ್ಪಾಳೆ ತಟ್ಟಿ, ಆ ಸಾಲನ್ನು ಮೊದಲಿಂದ ಓದಿ. ಆಮೇಲೆ ಎಡಿಟ್ ಮಾಡುವಾಗ ಚಪ್ಪಾಳೆಗಳು ಅಲೆಯಲ್ಲಿ ಉದ್ದ ಗೀಟುಗಳಾಗಿ ಎದ್ದು ಕಾಣುತ್ತವೆ, ಹುಡುಕುವ ಕೆಲಸವೇ ಇಲ್ಲ.

ಎಡಿಟ್ ಆದ ಮೇಲೆ 80 ಹರ್ಟ್ಸ್‌ನ ಹೈ-ಪಾಸ್ ಫಿಲ್ಟರ್ ಹಾಕಿ, ಅದಕ್ಕಿಂತ ಕೆಳಗಿನ ಗುಡುಗುಡು ಸದ್ದನ್ನು ಅದು ಇಳಿಸುತ್ತದೆ. ನಾಯ್ಸ್ ರಿಡಕ್ಷನ್‌ಗೆ 6 ಡೆಸಿಬೆಲ್ ಸಾಕು. ಕೊನೆಗೆ ಲೌಡ್‌ನೆಸ್ ನಾರ್ಮಲೈಸೇಶನ್‌ನಲ್ಲಿ ಮೈನಸ್ 16 ಎಲ್‌ಯುಎಫ್‌ಎಸ್ ಕೊಡಿ, ಅದು ಕಿವಿಗೆ ಒಟ್ಟಾರೆ ಎಷ್ಟು ಜೋರಾಗಿ ಕೇಳಿಸುತ್ತದೆ ಅನ್ನೋದರ ಅಳತೆ. ಮೋನೋವನ್ನು ಡ್ಯುಯಲ್ ಮೋನೋ (ಎರಡೂ ಕಿವಿಗೆ ಅದೇ ದನಿ) ಅಂತ ಪರಿಗಣಿಸುವ ಗುರುತು ಅಲ್ಲೇ ಇದೆ, ಅದು ಟಿಕ್ ಆಗಿರಲಿ. ಯೂಟ್ಯೂಬ್ ಮೈನಸ್ 14ಕ್ಕಿಂತ ಜೋರಾದದ್ದನ್ನು ತಾನೇ ಇಳಿಸುತ್ತದೆ, ಮೆಲ್ಲಗಿರುವುದನ್ನು ಏರಿಸುವುದಿಲ್ಲ. ಹಾಗಾಗಿ ಮೈನಸ್ 25ರಲ್ಲಿ ಹಾಕಿದರೆ ನಿಮ್ಮ ಕಥೆ ಮುಗಿದು ಜಾಹೀರಾತು ಬಂದಾಗ ಮಗು ಬೆಚ್ಚಿಬೀಳುತ್ತದೆ.

ಎಐ ವಿಷಯ ಕೇಳಿದ್ದಿರಿ. ಅದರಿಂದ ಲಾಭ ಇಲ್ಲ ಅಂತಲ್ಲ. ಅಡೋಬಿಯ ಎನ್‌ಹಾನ್ಸ್ ಸ್ಪೀಚ್‌ನಂಥವು ಬಾತ್‌ರೂಮ್ ದನಿಯನ್ನು ಒಂದೇ ಗುಂಡಿಯಲ್ಲಿ ಸ್ಟುಡಿಯೋ ದನಿ ಥರ ಮಾಡುತ್ತವೆ, ಮೊದಲ ಸಲ ಕೇಳಿದಾಗ ಬೆರಗಾಗುತ್ತದೆ. ಆದರೆ 'ಹ', 'ಸ', 'ಶ', ಮತ್ತು 'ಖ', 'ಥ', 'ಭ'ಗಳ ಉಸಿರು, ಇವೆಲ್ಲ ಸ್ವಭಾವದಲ್ಲಿ ಫ್ಯಾನಿನ ಹುಶ್ಶ್ ಸದ್ದಿಗೆ ಹತ್ತಿರದವು. ಸದ್ದು ತೆಗೆಯುವ ಯಂತ್ರ ಜೋರು ಮಾಡಿದಷ್ಟೂ ಇವನ್ನೂ ಸವರಿಕೊಂಡು ಹೋಗುತ್ತದೆ. 'ಭಯ'ಕ್ಕೂ 'ಬಯ'ಕ್ಕೂ ವ್ಯತ್ಯಾಸ ಅಳಿಸುತ್ತದೆ. ಕಥೆ ಕೇಳಿ ಕನ್ನಡ ಕಲಿಯುವ ಮಕ್ಕಳು ನಿಮ್ಮ ಕೇಳುಗರು, ಅವರಲ್ಲಿ ಎಷ್ಟೋ ಮಂದಿ ಹೊರದೇಶದಲ್ಲಿದ್ದು ಅಜ್ಜಿಯ ಬದಲು ನಿಮ್ಮನ್ನು ಕೇಳುತ್ತಿರಬಹುದು. ಅದಕ್ಕೇ ಎಐ ಬಳಸಿದರೂ ಅದರ ಪ್ರಮಾಣವನ್ನು ಅರ್ಧಕ್ಕಿಂತ ಕೆಳಗಿಡಿ, ಇಯರ್‌ಫೋನ್‌ನಲ್ಲಿ ಒಂದೊಂದು ಮಹಾಪ್ರಾಣವನ್ನೂ ಕೇಳಿ ನೋಡಿ.

ಇದೆಲ್ಲ ಮಾಡಿಯೂ ರಸ್ತೆಯ ಸದ್ದು ತಡೆಯಲಾಗದಿದ್ದರೆ, ಆಗ ಮೈಕ್ ಬದಲಿಸುವ ಮಾತು. ಆಗಲೂ 15 ಸಾವಿರದ ಇನ್ನೊಂದು ಕಂಡೆನ್ಸರ್ ಬೇಡ, ಡೈನಾಮಿಕ್ ಮೈಕ್ ನೋಡಿ. ಸ್ಯಾಮ್ಸನ್ ಕ್ಯೂ2ಯು, ಆಡಿಯೋ-ಟೆಕ್ನಿಕಾ ಎಟಿಆರ್2100ಎಕ್ಸ್ ಥರದವು ಯುಎಸ್‌ಬಿಗೂ ಸ್ಟುಡಿಯೋ ಸಾಧನಗಳ ಎಕ್ಸ್‌ಎಲ್‌ಆರ್ ಕೇಬಲ್‌ಗೂ ಕೂರುತ್ತವೆ, ತುದಿಗೆ ಮಾತಾಡುವಂಥವು. ಡೈನಾಮಿಕ್ ಮೈಕ್‌ಗೆ ರೂಮಿನ ಸದ್ದೇ ಕೇಳಿಸುವುದಿಲ್ಲ ಅಂತ ಅಂಗಡಿಯಲ್ಲಿ ಹೇಳುತ್ತಾರೆ. ಹಾಗೇನಿಲ್ಲ. ಅದರ ಸೂಕ್ಷ್ಮತೆ ಕಡಿಮೆ, ಆದ್ದರಿಂದ ಬಾಯಿಗೆ ಐದಾರು ಸೆಂಟಿಮೀಟರ್ ಹತ್ತಿರ ಇಟ್ಟೇ ಮಾತಾಡಬೇಕಾಗುತ್ತದೆ, ಆ ಹತ್ತಿರವೇ ಸದ್ದು ಇಳಿಸುವುದು. ಎರಡಡಿ ದೂರದಲ್ಲಿ ಲ್ಯಾಪ್‌ಟಾಪ್ ಹಿಂದೆ ಇಟ್ಟರೆ ಅದು ನಿಮ್ಮ ಈಗಿನ ಮೈಕ್‌ಗಿಂತ ಕೆಟ್ಟದಾಗಿ ಕೇಳಿಸುತ್ತದೆ. ಬೂಮ್ ಆರ್ಮ್ ಹೇಗೂ ತಗೊಂಡಿರುತ್ತೀರಲ್ಲ, ಎರಡಕ್ಕೂ ಅದೇ ಆಗುತ್ತದೆ.